ನಿಂತ ಗಾಡಿ, ಓಡುವ ಇಂಜಿನ್

ಡಿಸೆಂಬರ್ ತಿಂಗಳ ಚಳಿಯ ಬೆಳಗು. ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯ ಅಗಸಿಯ ಮುಂದೆ ಹಳದಿ ಬಣ್ಣದ ಶಾಲಾ ಬಸ್ಸು ನಿಂತಿತ್ತು. ಅದು ಹೊರಡುವ ಹೊತ್ತು ಏಳೂವರೆ. ಏಳು ಗಂಟೆ ಹತ್ತು ನಿಮಿಷಕ್ಕೇ ಡ್ರೈವರ್ ಇಂಜಿನ್ ಚಾಲೂ ಮಾಡಿ, ಕೆಳಗಿಳಿದು, ಎದುರಿನ ಚಹಾದಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದರು. ಸುತ್ತಲಿನ ಕಡಲೆ ಹೊಲಗಳ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಗಾಳಿ ಅಲುಗುತ್ತಿರಲಿಲ್ಲ. ಬಸ್ಸಿನ ಹಿಂದಿನ ಕೊಳವೆಯಿಂದ ಹೊರಟ ಹೊಗೆ ಮೇಲೇರದೆ ಮಕ್ಕಳ ಎದೆಮಟ್ಟದಲ್ಲೇ ಹಾಸಿಕೊಂಡಿತ್ತು. ಚಿಕ್ಕ ಹುಡುಗರಿಬ್ಬರು ಸೈಲೆನ್ಸರಿನ ಬಿಸಿಗೆ ಅಂಗೈ ಒಡ್ಡಿ ಚಳಿ ಕಾಯಿಸಿಕೊಳ್ಳುತ್ತಿದ್ದರು.

ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಓಢಣಿಯ ಸೆರಗನ್ನು ಮೂಗಿಗೆ ಒತ್ತಿ ಹಿಡಿದು ನಿಂತಿದ್ದಳು. ಅವಳಿಗೆ ಚಿಕ್ಕಂದಿನಿಂದ ಉಬ್ಬಸ. ಚಳಿಗಾಲ ಬಂತೆಂದರೆ ಪಾಟೀಚೀಲದಲ್ಲಿ ಪುಸ್ತಕದ ಜೊತೆಗೆ ಉಸಿರಿಗೆ ಎಳೆದುಕೊಳ್ಳುವ ಔಷಧದ ಪಂಪೂ ಇರಲೇಬೇಕು. ವಿಜ್ಞಾನದ ಪಾಠದಲ್ಲಿ ಅದೇ ವಾರ ದಹನಕ್ರಿಯೆಯ ಸಮೀಕರಣ ಬರೆಸಿದ್ದರು. ಅದು ತಲೆಯಲ್ಲಿ ಸುಳಿಯುತ್ತಿತ್ತೋ ಏನೋ, ಚಹಾದಂಗಡಿಯ ಕಡೆ ನಡೆದು ಡ್ರೈವರನ್ನು ಕೇಳಿಯೇಬಿಟ್ಟಳು:

“ಕಾಕಾ, ಗಾಡಿ ನಿಂತೈತಲ್ರಿ, ಇಂಜಿನ್ ಯಾಕ ಓಡಾಕತ್ತೈತ್ರಿ?”

ಡ್ರೈವರ್ ನಕ್ಕರು. “ಬಂದ್ ಮಾಡಿದ್ರ ಮತ್ತ ಚಾಲೂ ಆಗಬೇಕಲ್ಲವ್ವಾ! ಆಗಲಿಲ್ಲಂದ್ರ ನೀವ ತಳ್ಳಬೇಕಾಕೈತಿ ನೋಡು.”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಆದರೆ ಆ ಮಾತಿನಲ್ಲಿ ನಗೆ ಎಷ್ಟಿತ್ತೋ ನಿಜವೂ ಅಷ್ಟೇ ಇತ್ತು. ನಿಂತ ಗಾಡಿಯ ಇಂಜಿನ್ ಓಡುತ್ತಲೇ ಇರುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಅದರ ಹಿಂದೆ ಒಂದು ಹಳೆಯ ಭಯವಿದೆ.

ಅಭ್ಯಾಸದ ಹಿಂದಿನ ಭಯ

ಆ ಡ್ರೈವರ್ ಈ ವೃತ್ತಿಗೆ ಬಂದದ್ದು 1980ರ ದಶಕದಲ್ಲಿ, ಹದಿನಾರು ವರ್ಷದ ಕ್ಲೀನರ್ ಹುಡುಗನಾಗಿ. ಆಗ ಕೊಪ್ಪಳ ಜಿಲ್ಲೆ ಹುಟ್ಟಿರಲಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಗಂಗಾವತಿಯ ಸೀಮೆ ಭತ್ತದ ಕಣಜವಾಗಿತ್ತು. ಅಕ್ಕಿ ಗಿರಣಿಯ ಮೂಟೆ ಹೊತ್ತ ಹಳೆಯ ಲಾರಿಯೊಂದರಲ್ಲಿ ಆ ಹುಡುಗ ಕೆಲಸ ಕಲಿತ. ಲಾರಿಯ ಬ್ಯಾಟರಿ ಯಾವಾಗಲೂ ಅರೆಜೀವ. ಹೊಸದು ಕೊಳ್ಳಲು ಮಾಲೀಕನ ಕೈ ಬಿಗಿ. ರಾತ್ರಿ ಗಾಡಿ ನಿಲ್ಲಿಸುವುದಿದ್ದರೆ ಇಳಿಜಾರು ಹುಡುಕಿ ನಿಲ್ಲಿಸಬೇಕು, ಬೆಳಿಗ್ಗೆ ಉರುಳಿಸಿ ಗೇರಿಗೆ ಹಾಕಿ ಎಬ್ಬಿಸಬೇಕು. ಇಳಿಜಾರು ಸಿಗದಿದ್ದರೆ ಇಂಜಿನ್ ಚಾಲೂ ಇಟ್ಟೇ ಊಟ, ಚಹಾ, ಒಂದು ಜೊಂಪು ನಿದ್ದೆ ಎಲ್ಲವೂ ಮುಗಿಯಬೇಕು. ‘ಬಂದ್ ಮಾಡಿದವನೇ ತಳ್ಳಬೇಕು’ ಎಂಬುದು ಆ ಕಾಲದ ಅಲಿಖಿತ ಕಾನೂನು.

ಹಾಗೆ ಕಲಿತ ಕೈ ಸುಲಭವಾಗಿ ಸ್ವಿಚ್ಚಿನ ಕಡೆ ಹೋಗುವುದಿಲ್ಲ. ಲಾರಿ ಹೋಗಿ ಬಸ್ಸು ಬಂತು, ಹಳೆಯ ಇಂಜಿನ್ ಹೋಗಿ ಹೊಸದು ಬಂತು, ಭಯ ಮಾತ್ರ ಉಳಿಯಿತು. ಅವರ ಕೈಕೆಳಗೆ ಪಳಗಿದ ಹುಡುಗರಿಗೂ ಅದೇ ಅಂಟಿತು. ಇಂಜಿನ್ ಏಕೆ ಬಂದ್ ಮಾಡುವುದಿಲ್ಲ ಎಂದು ಇಂದು ಟಂಟಂ ಓಡಿಸುವ ಇಪ್ಪತ್ತರ ತರುಣನನ್ನು ಕೇಳಿದರೂ ಅದೇ ಉತ್ತರ ಬರುತ್ತದೆ. ಗಾಡಿ ತಳ್ಳಿದ ನೆನಪು ಅವನಿಗೆ ಇರಲಿ ಇಲ್ಲದಿರಲಿ.

ಕಿಡಿಯಿಲ್ಲದ ಬೆಂಕಿ

ಈ ಭಯದ ಮೂಲ ಡೀಸೆಲ್ ಇಂಜಿನ್ನಿನ ಸ್ವಭಾವದಲ್ಲೇ ಇದೆ. ಪೆಟ್ರೋಲ್ ಇಂಜಿನ್ನಿನಲ್ಲಿ ಇಂಧನಕ್ಕೆ ಕಿಡಿ ಹಚ್ಚಲು ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಅದಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಮಕ್ಕಳೆಲ್ಲ ಮುಟ್ಟಿ ನೋಡಿರುತ್ತಾರೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಡೀಸೆಲ್ ಇಂಜಿನ್ ಇದೇ ತತ್ವವನ್ನು ಕೊನೆಯವರೆಗೂ ಒಯ್ಯುತ್ತದೆ. ಸಿಲಿಂಡರಿನೊಳಗಿನ ಗಾಳಿಯನ್ನು ಅದರ ಗಾತ್ರದ ಹದಿನಾರರಿಂದ ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಆಗ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರೊಳಗೆ ಚಿಮ್ಮಿದ ಡೀಸೆಲ್ ಯಾವ ಕಿಡಿಯೂ ಬೇಡದೆ ತಾನೇ ಹೊತ್ತಿಕೊಳ್ಳುತ್ತದೆ.

ಜರ್ಮನಿಯ ರುಡಾಲ್ಫ್ ಡೀಸೆಲ್ ಇಂಥ ಇಂಜಿನ್ನನ್ನು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ. ಇಂಧನದ ಶಕ್ತಿಯಲ್ಲಿ ಕಾಲು ಪಾಲಿಗಿಂತ ತುಸು ಹೆಚ್ಚನ್ನು ಅದು ಕೆಲಸಕ್ಕೆ ಬಳಸಿಕೊಂಡಿತು. ಉಗಿಯಂತ್ರಗಳು ಆಳುತ್ತಿದ್ದ ಆ ಕಾಲದಲ್ಲಿ ಅದೊಂದು ದೊಡ್ಡ ಸಾಧನೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಂಥದೊಂದು ಸಣ್ಣ ಇಂಜಿನ್ ಓಡಿದ್ದು ಶೇಂಗಾ ಎಣ್ಣೆಯಿಂದ ಎಂದರೆ ಕುಷ್ಟಗಿ, ಯಲಬುರ್ಗಾದ ಶೇಂಗಾ ಬೆಳೆಗಾರರಿಗೆ ಅಚ್ಚರಿಯಾದೀತು.

ಇಲ್ಲೇ ತೊಡಕೂ ಇದೆ. ಗಾಳಿಯನ್ನು ಅಷ್ಟು ಬಿಸಿಯಾಗುವಂತೆ ಒತ್ತಬೇಕಾದರೆ ಮೊದಲ ಸುತ್ತುಗಳಲ್ಲಿ ಇಂಜಿನ್ನನ್ನು ಜೋರಾಗಿ ತಿರುಗಿಸಬೇಕು. ತಿರುಗಿಸುವುದು ಸೆಲ್ಫ್ ಮೋಟಾರು, ಅದಕ್ಕೆ ಬಲ ಕೊಡುವುದು ಬ್ಯಾಟರಿ. ಬ್ಯಾಟರಿ ಸೊರಗಿದ್ದರೆ ಇಂಜಿನ್ ನಿಧಾನ ತಿರುಗುತ್ತದೆ, ಹುಟ್ಟಿದ ಬಿಸಿ ತಣ್ಣನೆಯ ಸಿಲಿಂಡರ್ ಗೋಡೆಗೆ ಸೋರಿಹೋಗುತ್ತದೆ, ಡೀಸೆಲ್ ಹೊತ್ತಿಕೊಳ್ಳುವುದಿಲ್ಲ. ಚಳಿಯ ಬೆಳಗಿನಲ್ಲಂತೂ ಎಂಜಿನ್ ಆಯಿಲ್ ಗಟ್ಟಿಯಾಗಿ ತೊಂದರೆ ಇಮ್ಮಡಿ. ಅಂದರೆ ಡ್ರೈವರ್ ಹೆದರುವುದು ಇಂಜಿನ್ನಿಗಲ್ಲ, ಬ್ಯಾಟರಿಗೆ. ರೋಗ ಇರುವುದು ಬ್ಯಾಟರಿಯಲ್ಲಿ. ಔಷಧ ಮಾತ್ರ ಡೀಸೆಲ್ ಟ್ಯಾಂಕಿನಿಂದ.

ಆ ಔಷಧ ಇಂಜಿನ್ನಿಗೂ ಹಿತವಲ್ಲ. ಭಾರವಿಲ್ಲದೆ ನಿಧಾನಗತಿಯಲ್ಲಿ ಓಡುವ ಇಂಜಿನ್ ಬೇಕಾದಷ್ಟು ಬಿಸಿಯೇರುವುದಿಲ್ಲ. ಇಂಧನ ಪೂರ್ತಿ ಉರಿಯುವುದಿಲ್ಲ. ಅರೆಬೆಂದ ಇಂಧನ ಮಸಿಯಾಗಿ ಒಳಗೆ ಕಟ್ಟಿಕೊಳ್ಳುತ್ತದೆ. ಒಂದಿಷ್ಟು ಗೋಡೆಗುಂಟ ಇಳಿದು ಆಯಿಲ್ ಜೊತೆ ಸೇರಿ ಅದನ್ನು ತೆಳ್ಳಗೆ ಮಾಡುತ್ತದೆ. ‘ಚೆನ್ನಾಗಿ ಕಾಯಲಿ’ ಎಂದು ಅರ್ಧ ತಾಸು ನಿಲ್ಲಿಸಿ ಓಡಿಸುವುದಕ್ಕಿಂತ, ಚಾಲೂ ಮಾಡಿದ ಕೂಡಲೇ ಮೆಲ್ಲಗೆ ಹೊರಡುವುದರಿಂದ ಇಂಜಿನ್ ಬೇಗ ಕಾಯುತ್ತದೆ.

ಲೀಟರಿಗೆ ಸೊನ್ನೆ ಕಿಲೋಮೀಟರ್

ಗಾಡಿ ಕೊಳ್ಳುವಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಲೀಟರಿಗೆ ಎಷ್ಟು ಕೊಡುತ್ತದೆ? ನಿಂತು ಓಡುವ ಇಂಜಿನ್ ಲೀಟರಿಗೆ ಕೊಡುವುದು ಸೊನ್ನೆ ಕಿಲೋಮೀಟರ್. ಆ ಹುಡುಗಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಹಾಕಿದ್ದು ಇದೇ ಲೆಕ್ಕ. ಯಾವ ವಿದ್ಯಾರ್ಥಿಯೂ ಹಾಕಬಹುದಾದ ಲೆಕ್ಕ ಅದು.

ಬಸ್ಸಿನಂಥ ದೊಡ್ಡ ಇಂಜಿನ್ ನಿಂತಲ್ಲಿ ಗಂಟೆಗೆ ಸುಮಾರು 2 ಲೀಟರ್ ಡೀಸೆಲ್ ಕುಡಿಯುತ್ತದೆ ಎಂದು ಹಿಡಿಯೋಣ. ಬೆಳಿಗ್ಗೆ 20 ನಿಮಿಷ, ಸಂಜೆ 20 ನಿಮಿಷ, ಒಟ್ಟು 40 ನಿಮಿಷ. ದಿನಕ್ಕೆ ಒಂದೂ ಕಾಲು ಲೀಟರಿಗಿಂತ ತುಸು ಹೆಚ್ಚು. ವರ್ಷಕ್ಕೆ 220 ದಿನ ಶಾಲೆ ಎಂದರೆ 290 ಲೀಟರ್ ದಾಟುತ್ತದೆ. ಲೀಟರಿಗೆ 90 ರೂಪಾಯಿಯಂತೆ ಲೆಕ್ಕ ಹಿಡಿದರೆ 26 ಸಾವಿರ ರೂಪಾಯಿಗೂ ಹೆಚ್ಚು. ಒಂದು ಬಸ್ಸು ಒಂದು ಹೆಜ್ಜೆಯೂ ಮುಂದಿಡದೆ ಸುಟ್ಟ ಹಣ ಇದು. ಅಷ್ಟರಲ್ಲಿ ಯಾರೂ ಹೆದರಬೇಕಾಗದಂಥ ಹೊಸ ಬ್ಯಾಟರಿಯೇ ಬರುತ್ತದೆ.

ಎರಡನೆಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ಒಂದು ಲೀಟರ್ ಡೀಸೆಲ್ ತೂಗುವುದು ಸುಮಾರು 830 ಗ್ರಾಂ. ಅದು ಉರಿದಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಸುಮಾರು 2.6 ಕಿಲೋ. ಒಂದು ಕಿಲೋಗಿಂತ ಹಗುರವಾದದ್ದು ಎರಡೂವರೆ ಕಿಲೋಗಿಂತ ಹೆಚ್ಚಾದದ್ದು ಹೇಗೆ? ಉತ್ತರ ರಸಾಯನಶಾಸ್ತ್ರದ ಪಾಠದಲ್ಲೇ ಇದೆ. ಇಂಗಾಲದ ಪರಮಾಣು ತೂಕ 12. ಅದು ಗಾಳಿಯಿಂದ 16 ತೂಕದ ಎರಡು ಆಮ್ಲಜನಕ ಪರಮಾಣುಗಳನ್ನು ಎಳೆದುಕೊಂಡು 44 ಆಗುತ್ತದೆ. ಹೆಚ್ಚಿದ ತೂಕವೆಲ್ಲ ಗಾಳಿಯಿಂದ ಬಂದದ್ದು. ಆ ಬಸ್ಸಿನ ವರ್ಷದ ನಿಂತ ಲೆಕ್ಕ ಏಳೂವರೆ ಕ್ವಿಂಟಲ್ ಅನಿಲ.

ಕೂದಲೆಳೆಗಿಂತ ಸಣ್ಣದು

ಆದರೆ ಅಗಸಿಯ ಮುಂದೆ ನಿಂತ ಮಕ್ಕಳಿಗೆ ತಕ್ಷಣದ ಅಪಾಯ ಆ ಅನಿಲದ್ದಲ್ಲ. ಅದರ ಜೊತೆಗೆ ಬರುವ ಮಸಿಯದ್ದು ಮತ್ತು ಸಾರಜನಕದ ಆಕ್ಸೈಡುಗಳದ್ದು. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರ ಕೂದಲಿನ ಉದ್ಯಮಕ್ಕೆ ಹೆಸರಾದದ್ದು. ಅಲ್ಲಿನ ಹೆಣ್ಣುಮಕ್ಕಳು ಒಂದೊಂದೇ ಎಳೆಯನ್ನು ಬಿಡಿಸಿ ಜೋಡಿಸುವುದನ್ನು ಕಂಡವರಿಗೆ ಕೂದಲೆಳೆ ಎಷ್ಟು ಸಪೂರ ಎಂಬುದು ಗೊತ್ತು. ಅಂಥ ಒಂದು ಎಳೆಯ ದಪ್ಪ ಸುಮಾರು 70 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ 70 ಪಾಲು. ಡೀಸೆಲ್ ಮಸಿಯ ಹೆಚ್ಚಿನ ಕಣಗಳು ಒಂದು ಮೈಕ್ರಾನಿಗಿಂತಲೂ ಸಣ್ಣವು. ಮೂಗಿನ ಕೂದಲಾಗಲೀ ಗಂಟಲಿನ ಲೋಳೆಯಾಗಲೀ ಇವನ್ನು ತಡೆಯಲಾರವು. ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ಹೋಗುತ್ತವೆ. ತೀರ ಸಣ್ಣವು ರಕ್ತಕ್ಕೂ ಇಳಿಯುತ್ತವೆ. ಓಢಣಿಯ ಸೆರಗು ದೂಳನ್ನು ತಡೆದೀತು, ಇದನ್ನಲ್ಲ.

ಮಕ್ಕಳು ದೊಡ್ಡವರಿಗಿಂತ ವೇಗವಾಗಿ ಉಸಿರಾಡುತ್ತಾರೆ. ದೇಹದ ತೂಕಕ್ಕೆ ಹೋಲಿಸಿದರೆ ಅವರು ಎಳೆದುಕೊಳ್ಳುವ ಗಾಳಿ ಹೆಚ್ಚು. ಎತ್ತರ ಕಡಿಮೆಯಾದ್ದರಿಂದ ಸೈಲೆನ್ಸರಿಗೆ ಹತ್ತಿರವೂ ಅವರೇ. ಶ್ವಾಸಕೋಶ ಹದಿಹರೆಯದವರೆಗೂ ಬೆಳೆಯುತ್ತಲೇ ಇರುವ ಅಂಗ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಶಾಲಾ ಮಕ್ಕಳನ್ನು 1990ರ ದಶಕದಿಂದ ವರ್ಷಗಟ್ಟಲೆ ಪರೀಕ್ಷಿಸಿದ ವಿಜ್ಞಾನಿಗಳು, ಹೊಗೆ ಹೆಚ್ಚಿದ್ದ ಊರುಗಳಲ್ಲಿ ಬೆಳೆದ ಮಕ್ಕಳ ಶ್ವಾಸಕೋಶದ ಸಾಮರ್ಥ್ಯ ಪೂರ್ತಿ ಬೆಳೆಯುವುದಿಲ್ಲ ಎಂದು 2004ರಲ್ಲಿ ಪ್ರಕಟಿಸಿದರು. ಗಾಳಿ ಸುಧಾರಿಸಿದ ಮೇಲೆ ಅದೇ ಊರುಗಳಲ್ಲಿ ಬೆಳೆದ ಮುಂದಿನ ಮಕ್ಕಳ ಶ್ವಾಸಕೋಶ ಹೆಚ್ಚು ಚೆನ್ನಾಗಿ ಬೆಳೆಯಿತು ಎಂದು 2015ರಲ್ಲಿ ವರದಿ ಮಾಡಿದರು. ಮೊದಲ ಸುದ್ದಿ ಹೆದರಿಸುತ್ತದೆ, ಎರಡನೆಯದು ಧೈರ್ಯ ಕೊಡುತ್ತದೆ.

ಚಳಿಗಾಲದ ಬೆಳಗು ಏಕೆ ಹೆಚ್ಚು ಕೆಟ್ಟದ್ದು? ರಾತ್ರಿಯಿಡೀ ನೆಲ ತಣಿದು, ನೆಲಕ್ಕೆ ಅಂಟಿದ ಗಾಳಿಯೂ ತಣ್ಣಗಾಗಿ ಭಾರವಾಗಿರುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತಿರುತ್ತದೆ. ಬಿಸಿಲೇರಿ ನೆಲ ಕಾಯುವವರೆಗೆ ಹೊಗೆಗೆ ಮೇಲೆ ಹೋಗಲು ದಾರಿಯಿಲ್ಲ. ಮಕ್ಕಳು ಬಸ್ಸಿಗೆ ಕಾಯುವುದು ಸರಿಯಾಗಿ ಆ ಹೊತ್ತಿನಲ್ಲೇ.

ಇನ್ನೊಂದು ಸಂಗತಿಯನ್ನು ಡ್ರೈವರುಗಳು ತಿಳಿದಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರ ಜೂನ್ ತಿಂಗಳಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ಅದಕ್ಕೆ ಆಧಾರವಾದ ಪುರಾವೆ ಮುಖ್ಯವಾಗಿ ಬಂದದ್ದು ದಿನವಿಡೀ ಆ ಹೊಗೆಯಲ್ಲೇ ದುಡಿಯುವವರಿಂದ, ಗಣಿ ಕಾರ್ಮಿಕರಂಥವರಿಂದ. ಬಸ್ಸಿಗೆ ಕಾಯುವ ಮಗು ಇಪ್ಪತ್ತು ನಿಮಿಷ ಹೊಗೆ ಕುಡಿದರೆ, ಡ್ರೈವರ್ ಕುಡಿಯುವುದು ಇಡೀ ದಿನ.

ಎರಡು ಇಂಜಿನ್‌ಗಳ ನಡುವೆ ಮಾತು

ಹುಡುಗಿ ಸಂಜೆ ಮನೆಗೆ ಬಂದು ಲೆಕ್ಕದ ಹಾಳೆಯನ್ನು ಅಪ್ಪನ ಮುಂದೆ ಇಟ್ಟಳು. 26 ಸಾವಿರ ರೂಪಾಯಿಯ ಅಂಕಿಗಿಂತ ಮಗಳ ಎದೆಯಲ್ಲಿ ಆಗಲೂ ಕೇಳುತ್ತಿದ್ದ ಸುಯ್ಯೆಂಬ ಸದ್ದು ಅವರನ್ನು ಹೆಚ್ಚು ಕಾಡಿತು. ಮರುದಿನ ಬೆಳಿಗ್ಗೆ ಹೊಲಕ್ಕೆ ಹೊರಟವರು ಟ್ರ್ಯಾಕ್ಟರನ್ನು ಅಗಸಿಯ ಮುಂದೆ ನಿಲ್ಲಿಸಿ, ಸೀಟಿನ ಮೇಲಿಂದಲೇ ಡ್ರೈವರಿಗೆ ಜೋರು ಮಾಡತೊಡಗಿದರು. ಬಸ್ಸಿನ ಸದ್ದಿಗೆ ಮಾತು ಮುಳುಗಿತು. ಅವರು ಇನ್ನೂ ಗಟ್ಟಿಯಾಗಿ ಕೂಗಿದರು.

ಡ್ರೈವರ್ ಕಿವಿಗೆ ಕೈ ಹಿಡಿದು ಹೇಳಿದರು: “ಮೊದಲ ನಿಮ್ದು ಬಂದ್ ಮಾಡ್ರಿ ಯಜಮಾನ್ರ, ನೀವು ಏನಂತೀರಿ ಕೇಳ್ಸವಲ್ದು.”

ಟ್ರ್ಯಾಕ್ಟರಿನ ಇಂಜಿನ್ ಓಡುತ್ತಲೇ ಇತ್ತು. ಅದರ ಬ್ಯಾಟರಿಯೂ ಹಳೆಯದು. ಬಂದ್ ಮಾಡಿದರೆ ಮತ್ತೆ ಏಳುವ ಭರವಸೆ ಅವರಿಗೂ ಇರಲಿಲ್ಲ. ಅಪ್ಪ ಒಂದು ಗಳಿಗೆ ಸುಮ್ಮನಾದರು. ಆಮೇಲೆ ಇಬ್ಬರೂ ನಕ್ಕರು. ತಕರಾರು ಅಲ್ಲಿಗೆ ಮುಗಿದು ಮಾತುಕತೆ ಶುರುವಾಯಿತು.

ನಾಲ್ಕು ಊರು, ಒಂದೇ ರೂಢಿ

ಆ ಅಗಸಿಯ ಮುಂದೆ ಕಂಡದ್ದು ಆ ಹಳ್ಳಿಯೊಂದರದ್ದಲ್ಲ. ಗಂಗಾವತಿಯಲ್ಲಿ ಸುಗ್ಗಿಯ ದಿನಗಳಲ್ಲಿ ಭತ್ತದ ಲಾರಿ, ಟ್ರ್ಯಾಕ್ಟರುಗಳು ಸರತಿಗೆ ನಿಂತು ಒಂದೊಂದೇ ಗಾಡಿಯುದ್ದ ಸರಿಯುತ್ತವೆ. ಹತ್ತು ನಿಮಿಷಕ್ಕೊಮ್ಮೆ ಸರಿಯುವುದಕ್ಕಾಗಿ ಹತ್ತೂ ನಿಮಿಷ ಇಂಜಿನ್ ಓಡುತ್ತದೆ. ಕುಷ್ಟಗಿಯ ಮಗ್ಗುಲಲ್ಲಿ ಹಾಯುವ ರಾಷ್ಟ್ರೀಯ ಹೆದ್ದಾರಿ 50ರ ಢಾಬಾಗಳ ಮುಂದೆ ದೂರದೂರಿನ ಲಾರಿಗಳು ಊಟದ ಹೊತ್ತಿನಲ್ಲೂ ಗುಡುಗುಡಿಸುತ್ತವೆ. ಯಲಬುರ್ಗಾದಲ್ಲಿ ‘ಇನ್ನೊಂದ ಸೀಟು, ಇನ್ನೊಂದ ಸೀಟು’ ಎಂದು ಕೂಗುವ ಟಂಟಂ ಹೊರಡುವಂತೆ ಕಾಣಬೇಕಲ್ಲ, ಅದಕ್ಕಾಗಿ ಇಂಜಿನ್ ಚಾಲೂ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಬರುವುದು ಚಳಿಗಾಲದಲ್ಲೇ; ಲಕ್ಷಗಟ್ಟಲೆ ಜನರನ್ನು ತರುವ ವಾಹನಗಳು ಒಂದೇ ಕಡೆ ಸೇರುತ್ತವೆ. ರೈಲ್ವೆ ಗೇಟು ಬಿದ್ದಾಗಲಂತೂ ಹೇಳುವುದೇ ಬೇಡ. ರೈಲು ಬರುವುದು ಕಣ್ಣಿಗೆ ಕಾಣುವ ಮೊದಲೇ ಐದು ನಿಮಿಷ ಕಳೆದಿರುತ್ತದೆ, ಒಬ್ಬರ ಕೈಯೂ ಸ್ವಿಚ್ಚಿಗೆ ಹೋಗಿರುವುದಿಲ್ಲ.

ಹೊಸ ಗಾಡಿಗಳು ಬಂದಿವೆಯಲ್ಲ, ಅವುಗಳ ಹೊಗೆ ಕಡಿಮೆಯಲ್ಲವೇ ಎಂದು ಕೇಳಬಹುದು. ಹೌದು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿ.ಎಸ್. 6 ಮಾನದಂಡ ಜಾರಿಗೆ ಬಂದು, ಹೊಸ ಡೀಸೆಲ್ ಬಸ್ಸು ಲಾರಿಗಳಿಗೆ ಮಸಿ ಹಿಡಿಯುವ ಜಾಲರಿ ಬಂತು. ಡೀಸೆಲ್‌ನಲ್ಲಿನ ಗಂಧಕ ಹತ್ತು ಲಕ್ಷದಲ್ಲಿ 50 ಪಾಲಿನಿಂದ 10 ಪಾಲಿಗೆ ಇಳಿಯಿತು. ಆದರೆ ರಸ್ತೆಯ ಮೇಲೆ ಹಳೆಯ ಗಾಡಿಗಳು ಇನ್ನೂ ಬಹಳ. ಹೊಸ ಗಾಡಿಗಳ ಜಾಲರಿಯೂ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಇಂಜಿನ್ ಚೆನ್ನಾಗಿ ಬಿಸಿಯೇರಬೇಕು. ಸದಾ ನಿಂತು ಓಡಿದರೆ ಅದು ಕಟ್ಟಿಕೊಳ್ಳುತ್ತದೆ. ಇನ್ನು ಹೊಗೆ ತಪಾಸಣೆಯ ಪತ್ರ. ಡೀಸೆಲ್ ಗಾಡಿಗೆ ಆಕ್ಸಿಲರೇಟರ್ ಒತ್ತಿ ಹೊಗೆಯ ದಟ್ಟಣೆಯನ್ನು ಅಳೆಯುತ್ತಾರೆ. ಗಾಡಿ ದಿನಕ್ಕೆ ಎಷ್ಟು ನಿಮಿಷ ಸುಮ್ಮನೆ ನಿಂತು ಉಸಿರುಬಿಟ್ಟಿತು ಎಂಬುದನ್ನು ಯಾವ ಪತ್ರವೂ ಹೇಳುವುದಿಲ್ಲ.

ಬೇರೆ ಕಡೆ ಇದಕ್ಕೆ ಕಾನೂನೇ ಇದೆ. ಕ್ಯಾಲಿಫೋರ್ನಿಯಾದಲ್ಲಿ 2003ರಿಂದ ಶಾಲಾ ಬಸ್ಸು ಶಾಲೆಯ ಬಳಿ ನಿಂತ ಕೂಡಲೇ ಇಂಜಿನ್ ಬಂದ್ ಮಾಡಬೇಕು. ಹೊರಡುವ 30 ಸೆಕೆಂಡಿಗಿಂತ ಮುಂಚೆ ಚಾಲೂ ಮಾಡುವಂತಿಲ್ಲ. ನ್ಯೂಯಾರ್ಕ್ ನಗರದಲ್ಲಿ ಸಾಮಾನ್ಯವಾಗಿ 3 ನಿಮಿಷ, ಶಾಲೆಯ ಪಕ್ಕ 1 ನಿಮಿಷದ ಮಿತಿ. ದೆಹಲಿಯಲ್ಲಿ 2020ರ ಅಕ್ಟೋಬರಿನಲ್ಲಿ ‘ರೆಡ್ ಲೈಟ್ ಆನ್, ಗಾಡಿ ಆಫ್’ ಎಂಬ ಪ್ರಚಾರ ನಡೆಯಿತು. ಭಾರತೀಯ ರೈಲ್ವೆಯೂ ಇದೇ ಲೆಕ್ಕ ಹಾಕಿತು. ನಿಂತ ಡೀಸೆಲ್ ರೈಲು ಇಂಜಿನ್ ಗಂಟೆಗೆ ಸುಮಾರು 25 ಲೀಟರ್ ಕುಡಿಯುವುದನ್ನು ಕಂಡು, ಬ್ಯಾಟರಿ ಮತ್ತು ಬ್ರೇಕಿನ ಗಾಳಿಯನ್ನು ನೋಡಿಕೊಳ್ಳಲು ಗಂಟೆಗೆ ಸುಮಾರು 3 ಲೀಟರ್ ಸಾಕಾಗುವ ಪುಟ್ಟ ಸಹಾಯಕ ಇಂಜಿನ್ನನ್ನು ಅಳವಡಿಸತೊಡಗಿತು.

ಭಾರತದ ಮೋಟಾರು ವಾಹನ ಕಾಯ್ದೆ, 1988ರ 126ನೇ ಕಲಮೂ ಒಂದು ಮಾತು ಹೇಳುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಗಾಡಿ ನಿಂತಿದ್ದರೆ ಡ್ರೈವರನ ಸೀಟಿನಲ್ಲಿ ಲೈಸೆನ್ಸ್ ಇರುವವರು ಕುಳಿತಿರಬೇಕು. ಇಲ್ಲವೇ ಇಂಜಿನ್ ನಿಲ್ಲಿಸಿ ಬ್ರೇಕು ಹಾಕಿರಬೇಕು. ಆ ಕಲಮು ಬರೆದದ್ದು ಗಾಡಿ ತಾನಾಗಿ ಉರುಳದಿರಲಿ ಎಂದು, ಹೊಗೆಗಾಗಿ ಅಲ್ಲ. ಆದರೂ ಇಂಜಿನ್ ಚಾಲೂ ಬಿಟ್ಟು ಚಹಾದಂಗಡಿಗೆ ಹೋಗುವುದು ಅದರ ಪ್ರಕಾರ ತಪ್ಪೇ.

ಎಲ್ಲ ಸಲವೂ ಬಂದ್ ಮಾಡಬೇಕೆಂದಲ್ಲ. ಬಸ್ಸು ಲಾರಿಗಳ ಬ್ರೇಕು ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ರಾತ್ರಿಯೆಲ್ಲ ನಿಂತಾಗ ಒತ್ತಡ ಇಳಿದಿದ್ದರೆ, ಅದು ಏರುವವರೆಗೆ ಕೆಲವು ನಿಮಿಷ ಇಂಜಿನ್ ಓಡಲೇಬೇಕು. ಅದಕ್ಕೆ ಅವಸರ ಮಾಡಬಾರದು. ಟರ್ಬೋ ಇರುವ ಇಂಜಿನ್ ದೂರ ಓಡಿ ಬಂದ ಮೇಲೆ ಒಂದೆರಡು ನಿಮಿಷ ತಣಿಯಬೇಕು. ಟ್ರ್ಯಾಕ್ಟರಿನಿಂದ ರಾಶಿ ಯಂತ್ರ ಓಡಿಸುವಾಗ ಅದು ನಿಂತೇ ದುಡಿಯುತ್ತಿರುತ್ತದೆ. ಇವೆಲ್ಲ ಅಗತ್ಯ. ಉಳಿದಂತೆ ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಬಂದ್ ಮಾಡುವುದೇ ಲಾಭ. ಮತ್ತೆ ಚಾಲೂ ಮಾಡಲು ಬೇಕಾಗುವ ಡೀಸೆಲ್ ಅದಕ್ಕಿಂತ ಕಡಿಮೆ.

ಸದ್ದು ನಿಂತ ಮೇಲೆ

ಯಲಬುರ್ಗಾದ ಆ ಶಾಲೆಯಲ್ಲಿ ಪಾಲಕರ ಸಭೆ ನಡೆದಾಗ ಹುಡುಗಿಯ ಅಪ್ಪ ಡ್ರೈವರ ಮೇಲೆ ದೂರು ಹೇಳಲಿಲ್ಲ. ಬಸ್ಸಿನ ಬ್ಯಾಟರಿ ತೋರಿಸಬೇಕೆಂದು ಕೇಳಿದರು. ಆಡಳಿತದವರು ಮೊದಲು ಖರ್ಚಿನ ಮಾತೆತ್ತಿದರು. ಲೆಕ್ಕದ ಹಾಳೆ ಕೈಯಿಂದ ಕೈಗೆ ಹೋಯಿತು. ಕೊನೆಗೆ ಊರಿನ ಆಟೋ ಎಲೆಕ್ಟ್ರಿಷಿಯನ್‌ನನ್ನು ಕರೆಸಿದರು.

ಬ್ಯಾಟರಿಯ ತುದಿಗಳಲ್ಲಿ ಬಿಳಿ ಹಸಿರು ಬಣ್ಣದ ಪುಡಿ ಬೆರಳು ದಪ್ಪ ಕಟ್ಟಿತ್ತು. ಬ್ಯಾಟರಿಯ ಆಮ್ಲದ ಆವಿ ಲೋಹವನ್ನು ತಿಂದು ಮಾಡಿದ ಪುಡಿ ಅದು. ವಿದ್ಯುತ್ತು ಅದನ್ನು ದಾಟಿ ಹರಿಯಲಾರದು. ಎಲೆಕ್ಟ್ರಿಷಿಯನ್ ಬಿಸಿನೀರಿನಲ್ಲಿ ಅಡುಗೆ ಸೋಡಾ ಕಲಸಿ ಸುರಿದಾಗ ಬುಸ್ಸೆಂದು ನೊರೆ ಎದ್ದಿತು. ಸುತ್ತ ನೆರೆದ ಮಕ್ಕಳಿಗೆ ಆಮ್ಲ ಮತ್ತು ಕ್ಷಾರದ ಪಾಠ ಕಣ್ಣೆದುರೇ ಆಯಿತು. ತುದಿಗಳನ್ನು ತಿಕ್ಕಿ, ವ್ಯಾಸಲೀನ್ ಸವರಿ, ಸಡಿಲವಾಗಿದ್ದ ಅರ್ತ್ ವೈರನ್ನು ಬಿಗಿದ. ಸೆಲ್ಫ್ ಮೋಟಾರಿನ ಸವೆದ ಕಾರ್ಬನ್ ಬ್ರಷ್ ಬದಲಿಸಿದ. ಹೊಸ ಬ್ಯಾಟರಿ ಬೇಕಾಗಲೇ ಇಲ್ಲ. ಕೀಲಿ ತಿರುಗಿಸಿದೊಡನೆ ಇಂಜಿನ್ ಎದ್ದಿತು. ಡ್ರೈವರ್ ಬಂದ್ ಮಾಡಿ ಮತ್ತೆ ತಿರುಗಿಸಿದರು. ಮತ್ತೆ ಎದ್ದಿತು. ನಾಲ್ಕು ಸಲ ಹಾಗೆ ಮಾಡಿ ನೋಡಿದರು, ನಂಬಿಕೆ ಬರುವವರೆಗೆ. ಅದೇ ವಾರ ಹುಡುಗಿಯ ಅಪ್ಪನ ಟ್ರ್ಯಾಕ್ಟರಿಗೂ ಸೋಡಾದ ನೀರು ಬಿತ್ತು.

ಈಗ ಆ ಬಸ್ಸು ಏಳೂ ಇಪ್ಪತ್ತೈದಕ್ಕೆ ಚಾಲೂ ಆಗುತ್ತದೆ, ಬ್ರೇಕಿನ ಗಾಳಿ ಏರುವಷ್ಟು ಹೊತ್ತು ಮಾತ್ರ. ಮಕ್ಕಳು ಅಲ್ಲಿಯವರೆಗೆ ಬಸ್ಸಿನ ಮುಂದೆ, ಚಹಾದಂಗಡಿಯ ಕಟ್ಟೆಯ ಹತ್ತಿರ ನಿಲ್ಲಬೇಕೆಂದು ಡ್ರೈವರದೇ ಅಪ್ಪಣೆ. ಹುಡುಗಿಯ ಉಬ್ಬಸ ವಾಸಿಯಾಗಿಲ್ಲ. ಒಲೆಯ ಹೊಗೆ, ರಸ್ತೆಯ ದೂಳು, ಸುಗ್ಗಿಯ ಹೊಟ್ಟು, ಅದಕ್ಕೆ ಕಾರಣಗಳು ಹಲವು. ಪಾಟೀಚೀಲದಲ್ಲಿ ಪಂಪು ಇದ್ದೇ ಇದೆ. ಆದರೆ ಬಸ್ಸು ಕಾಯುವಾಗ ಓಢಣಿ ಮೂಗಿಗೆ ಹೋಗುವುದಿಲ್ಲ.

ಮೊದಲ ದಿನ ಇಂಜಿನ್ ಸದ್ದಿಲ್ಲದ ಆ ಬೆಳಗಿನಲ್ಲಿ ಡ್ರೈವರ್ ಕಟ್ಟೆಯ ಮೇಲೆ ಚಹಾ ಹಿಡಿದು ಕುಳಿತಿದ್ದಾಗ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದರು. ಮಕ್ಕಳೆಲ್ಲ ತಿರುಗಿ ನೋಡಿದರು.

“ದಿನಾ ಹಿಂಗ ಕೆಮ್ಮತೀರೇನ್ರಿ ಕಾಕಾ?” ಎಂದು ಹುಡುಗಿ ಕೇಳಿದಳು.

“ಯಾರಿಗ್ಗೊತ್ತವ್ವಾ,” ಎಂದರು ಅವರು. “ಇಷ್ಟ ದಿನ ಇಂಜಿನ್ ಸದ್ದಿನ್ಯಾಗ ನನ್ನ ಕೆಮ್ಮು ನನಗ ಕೇಳಿದ್ದಿಲ್ಲ.”

ಆ ವಾರದ ರಜೆಯ ದಿನ ಅವರು ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಹೋಗಿ ಎದೆ ತೋರಿಸಿಕೊಂಡು ಬಂದರು. ಜೊತೆಗೆ ಹೋದದ್ದು ಹುಡುಗಿಯ ಅಪ್ಪ.